ಹಳೆ ಬೇಸ್ ಗಿಟಾರ್ ಕೊಳ್ಳುವ ಮುನ್ನ: ನೆಕ್ ನೋಡ್ರಿ, ಪಿಕಪ್ ಅಳೀರಿ, ಆಮೇಲೆ ರೊಕ್ಕ ಎಣಿಸ್ರಿ

ಯಾದಗಿರಿ: ಸಂಕ್ರಾಂತಿಯ ಮೈಲಾಪುರ ಜಾತ್ರೆಯಿಂದ ಹಿಡಿದು ಯುಗಾದಿ ನಂತರದ ಮದುವೆ ಸೀಜನ್‌ವರೆಗೆ ನಮ್ಮ ಭಾಗದ ಆರ್ಕೆಸ್ಟ್ರಾ ತಂಡಗಳಿಗೆ ಕೈತುಂಬ ಕೆಲಸ. ಸೀಜನ್ ಮುಗಿದ ಮೇಲೆ ಉಳಿದ ರೊಕ್ಕದಲ್ಲಿ ಒಂದು ಒಳ್ಳೆ ವಾದ್ಯ ತಗೋಬೇಕು ಅನ್ನೋದು ನುಡಿಸುವ ಹುಡುಗರ ಲೆಕ್ಕಾಚಾರ. ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಆದರೆ ನೋಡಿ ಹೇಳೋ ಹಿರಿಯರು ಊರೂರಿಗೂ ಇದ್ದಾರೆ. ಬೇಸ್ ಗಿಟಾರ್ ಹಂಗಲ್ಲ. ಹೊಸದು ದುಬಾರಿ, ಹಳೆಯದು ಕೊಳ್ಳೋಣ ಅಂದ್ರೆ ಪರೀಕ್ಷೆ ಮಾಡೋದು ಹೇಗೆ ಅಂತ ಗೊತ್ತಿರೋರು ಕಡಿಮೆ.

ಹೀಗಾಗಿ ಬಹಳಷ್ಟು ವ್ಯವಹಾರ ಮೊಬೈಲ್ ಫೋಟೊ ಮೇಲೆಯೇ ನಡೆಯುತ್ತದೆ. ಕಲಬುರಗಿ, ರಾಯಚೂರು, ಹೈದರಾಬಾದ್ ಇಲ್ಲವೇ ಬೆಂಗಳೂರಿನಲ್ಲಿ ಯಾರೋ ಫೋಟೊ ಹಾಕ್ತಾರೆ, ಇಲ್ಲಿಂದ ಯಾರೋ ಅಡ್ವಾನ್ಸ್ ಕಳಿಸ್ತಾರೆ. ಗಿಟಾರ್ ಬಂದ ಮೇಲೆ ನೋಡಿದರೆ ನೆಕ್ ಬಗ್ಗಿರುತ್ತದೆ, ಇಲ್ಲವೇ ಪಿಕಪ್ ಸತ್ತಿರುತ್ತದೆ. ಕೆಲವು ಸಲ ಗಿಟಾರೇ ಬರೋದಿಲ್ಲ. ಒಂದು ಸೀಜನ್ ದುಡಿಮೆ ಹೋದಂತೆಯೇ.

ಹಳೆ ಬೇಸ್ ಗಿಟಾರಿನ ಬೆಲೆ ನಿಂತಿರೋದು ಎರಡು ಭಾಗಗಳ ಮೇಲೆ: ನೆಕ್ ಮತ್ತು ಪಿಕಪ್. ಇವೆರಡೂ ಚೆನ್ನಾಗಿದ್ದರೆ ಉಳಿದಿದ್ದನ್ನು ನಮ್ಮೂರಲ್ಲೇ ಸರಿ ಮಾಡಿಸಬಹುದು. ಇವೆರಡು ಹೋಗಿದ್ದರೆ ಬಣ್ಣ ಎಷ್ಟೇ ಮಿಂಚಲಿ, ಕೊಡುವ ರೊಕ್ಕ ದಂಡ. ಪರೀಕ್ಷೆಗೆ ಬೇಕಾಗಿದ್ದು ಇಪ್ಪತ್ತು ನಿಮಿಷ, ಒಂದು ಕೇಬಲ್ ಮತ್ತು ಮೊಬೈಲ್ ರಿಪೇರಿ ಅಂಗಡಿಯಲ್ಲಿರುವ ಮಲ್ಟಿಮೀಟರ್. ಹೇಗೆ ಅನ್ನೋದು ಇಲ್ಲಿದೆ.

ಬೇಸ್ ಅಂದ್ರೆ ಯಾವುದು?

ಹಾಡುಗಾರರ ಹಿಂದೆ ಎದೆಗೆ ತಟ್ಟುವ ದಪ್ಪ ಸ್ವರ ಬರುತ್ತದಲ್ಲ, ಅದು ಬೇಸ್. ಸಾಮಾನ್ಯ ಗಿಟಾರಿಗೆ ಆರು ತಂತಿ, ಬೇಸ್‌ಗೆ ಹೆಚ್ಚಾಗಿ ನಾಲ್ಕು: ಇ, ಎ, ಡಿ, ಜಿ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ತಂತಿಯ ಉದ್ದ (ಮೇಲಿನ ನಟ್‌ನಿಂದ ಕೆಳಗಿನ ಬ್ರಿಡ್ಜ್‌ವರೆಗೆ) ಸಾಮಾನ್ಯವಾಗಿ 34 ಇಂಚು. ಕೈ ಚಿಕ್ಕದಿರುವವರಿಗೆ, ಮಕ್ಕಳಿಗೆ 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಕೂಡ ಇದೆ. ಫೋಟೊದಲ್ಲಿ ಎರಡೂ ಒಂದೇ ತರ ಕಾಣ್ತಾವೆ, ಅದಕ್ಕೆ ಅಳತೆ ಕೇಳಿಯೇ ಮುಂದುವರಿಯಿರಿ.

ಮೊದಲು ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗಬೇಕಿತ್ತು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಕೊರಳಿಗೆ ಹಾಕಿಕೊಳ್ಳುವ ‘ಪ್ರಿಸಿಷನ್ ಬೇಸ್’ ಮಾರುಕಟ್ಟೆಗೆ ತಂದರು. 1960ರಲ್ಲಿ ಅದೇ ಕಂಪನಿಯ ‘ಜಾಝ್ ಬೇಸ್’ ಬಂತು. ಇವತ್ತು ನಮಗೆ ಸಿಗುವ ಬೇಸ್‌ಗಳಲ್ಲಿ ಬಹಳಷ್ಟು ಈ ಎರಡರ ಅಚ್ಚಿನಲ್ಲೇ ತಯಾರಾದವು. ಬೇಸ್ ಏನು ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾ? 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜಾ ಮಾಡಿದ ಹಾಡುಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ, ದಪ್ಪ ಸ್ವರದ ಹಿಂದೆಯೇ ಕಿವಿ ಇಟ್ಟು ಹೋಗಿ.

ಈಗ ಎಷ್ಟೋ ತಂಡಗಳು ಬೇಸ್ ಕೆಲಸವನ್ನ ಕೀಬೋರ್ಡಿಗೆ ಇಲ್ಲವೇ ಟ್ರ್ಯಾಕ್‌ಗೆ ಬಿಟ್ಟಿವೆ. ಆದ್ದರಿಂದ ಅಟ್ಟದ ಮೇಲೆ ಧೂಳು ತಿನ್ನುತ್ತ ಕುಳಿತ ಬೇಸ್‌ಗಳು ಇರುತ್ತವೆ. ಇನ್ನೊಂದು ಕಡೆ, ಚರ್ಚ್ ಹಾಡುಗಾರಿಕೆಗೆ, ಕಾಲೇಜು ಬ್ಯಾಂಡಿಗೆ, ಲೈವ್ ಆರ್ಕೆಸ್ಟ್ರಾಗೆ ಬೇಸ್ ಹುಡುಕುವವರೂ ಇದ್ದಾರೆ. ಕೊಳ್ಳೋರು, ಮಾರೋರು ಇಬ್ಬರಿಗೂ ವಸ್ತುವಿನ ಸ್ಥಿತಿ ಗೊತ್ತಿದ್ದರೆ ವ್ಯವಹಾರ ನೆಟ್ಟಗಿರುತ್ತದೆ.

ಮೊದಲು ನೆಕ್

ನೆಕ್ ಅಂದ್ರೆ ಬೆರಳು ಒತ್ತುವ ಉದ್ದನೆಯ ಮರದ ಭಾಗ. ಶ್ರುತಿ ಮಾಡಿದ ನಾಲ್ಕು ತಂತಿ ಸೇರಿ ಈ ಮರವನ್ನ 70 ಕೆಜಿಗೂ ಹೆಚ್ಚಿನ ಬಲದಿಂದ ಎಳೆಯುತ್ತಿರುತ್ತವೆ. ಹೆಚ್ಚುಕಡಿಮೆ ಒಂದು ಭತ್ತದ ಚೀಲದ ತೂಕ, ಹಗಲು ರಾತ್ರಿ. ಅದನ್ನ ತಡೆಯೋಕೆ ನೆಕ್ ಒಳಗೆ ‘ಟ್ರಸ್ ರಾಡ್’ ಅನ್ನೋ ಕಬ್ಬಿಣದ ಸಲಾಕೆ ಇರುತ್ತದೆ. ಅಲೆನ್ ಕೀ ಹಾಕಿ ಅದನ್ನ ಬಿಗಿ, ಸಡಿಲ ಮಾಡಿದರೆ ನೆಕ್ ಬಾಗು ಸರಿಹೋಗುತ್ತದೆ.

ನೋಡುವ ವಿಧಾನ ಸುಲಭ. ಬಡಗಿ ಹಲಗೆ ನೋಡೋ ಹಂಗೆ, ಗಿಟಾರಿನ ಒಂದು ತುದಿಯಲ್ಲಿ ಕಣ್ಣಿಟ್ಟು ನೆಕ್ ಉದ್ದಕ್ಕೂ ನೋಡಿ. ಎರಡೂ ಅಂಚು ಒಂದೇ ರೀತಿ ಹೋಗಬೇಕು. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ ತಿರುಚಿದ್ದರೆ ಅದು ತಿರುಚು. ಟ್ರಸ್ ರಾಡ್ ಬರೀ ಬಾಗು ಸರಿಮಾಡುತ್ತದೆ, ತಿರುಚು ಸರಿಮಾಡೋದಿಲ್ಲ. ಅಂಥ ಗಿಟಾರ್ ಎಷ್ಟೇ ಅಗ್ಗಕ್ಕೆ ಬಂದರೂ ಬಿಟ್ಟುಬಿಡಿ.

ಆಮೇಲೆ ಇ ತಂತಿಯನ್ನ ಮೊದಲ ಪಟ್ಟಿ ಮತ್ತು ಕೊನೆಯ ಪಟ್ಟಿಯಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. (ಪಟ್ಟಿ ಅಂದ್ರೆ ನೆಕ್ ಮೇಲಿನ ಅಡ್ಡ ಲೋಹದ ಗೆರೆ, ನುಡಿಸುವವರು ಫ್ರೆಟ್ ಅಂತಾರೆ.) ನಡುವೆ ಏಳು, ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ನೆಕ್ ಚೆನ್ನಾಗಿದೆ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ಗಾಬರಿ ಬೇಡ, ಟ್ರಸ್ ರಾಡಿನಲ್ಲಿ ಸರಿಯಾಗುತ್ತದೆ. ಆದರೆ ಬೆರಳು ಹೋಗುವಷ್ಟು ಸಂದು ಇದ್ದು, ‘ರಾಡ್ ಆಗಲೇ ಪೂರ್ತಿ ಬಿಗಿ ಮಾಡೀವಿ’ ಅಂತ ಮಾರುವವರು ಹೇಳಿದರೆ, ಅದನ್ನು ಸರಿಮಾಡಲು ಉಳಿದ ದಾರಿ ದುಬಾರಿ. ರಾಡಿನ ತಲೆ ತಿರುಗಿ ತಿರುಗಿ ಸವೆದಿದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ.

ಮೂರನೆಯದು, ಬಿರುಕು. ನೆಕ್ ಮತ್ತು ಬಿರಡೆ ಇರುವ ತಲೆ ಸೇರುವ ಜಾಗ, ನೆಕ್ ಮತ್ತು ಬಾಡಿ ಸೇರುವ ಜಾಗ, ಇವೆರಡನ್ನೂ ಬೆಳಕಿನಲ್ಲಿ ನೋಡಿ. ಅಲ್ಲಿ ಹೊಸ ಬಣ್ಣ, ಫೆವಿಕಾಲ್ ಗುರುತು, ಉಗುರಿಗೆ ತಾಗುವ ಗೆರೆ ಕಂಡರೆ ಒಮ್ಮೆ ಮುರಿದು ಅಂಟಿಸಿದ್ದಾರೆ ಅಂತ ಅರ್ಥ.

ಕೊನೆಗೆ, ನಾಲ್ಕೂ ತಂತಿಯ ಮೇಲೆ ಒಂದೊಂದೇ ಫ್ರೆಟ್ ಒತ್ತಿ ಮೀಟುತ್ತಾ ಹೋಗಿ. ಸಮಯ ಹಿಡಿಯುತ್ತದೆ, ಹಿಡಿಯಲಿ. ಎಲ್ಲಿ ಕರಕರ ಅಂತದೆ, ಎಲ್ಲಿ ಸ್ವರ ಕೂಡಲೇ ಸಾಯುತ್ತದೆ ಅಂತ ಗುರುತು ಮಾಡಿಕೊಳ್ಳಿ. ಒಂದೆರಡು ಕಡೆ ಮಾತ್ರ ಕರಕರ ಬಂದರೆ ಆ ಫ್ರೆಟ್ ಎದ್ದಿರಬಹುದು, ಇಲ್ಲವೇ ಸವೆದಿರಬಹುದು. ಎಲ್ಲಾ ಕಡೆ ಬಂದರೆ ನೆಕ್ ಹೊಂದಾಣಿಕೆ ತಪ್ಪಿದೆ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸಾಯೋದು ಒಳ್ಳೆ ಕಂಪನಿಯ ಬೇಸ್‌ಗಳಲ್ಲೂ ಇರುತ್ತದೆ, ಅದೊಂದಕ್ಕೇ ವ್ಯವಹಾರ ಮುರಿಯಬೇಕಿಲ್ಲ.

ಪಿಕಪ್ ಅಂದ್ರೆ ಬೊಲೆರೊ ಅಲ್ಲ

ನಮ್ಮ ಕಡೆ ಪಿಕಪ್ ಅಂದ್ರೆ ಹತ್ತಿ ಹೇರಿಕೊಂಡು ಹೋಗೋ ಗಾಡಿ. ಗಿಟಾರಿನ ಪಿಕಪ್ ಬೇರೆ. ತಂತಿಗಳ ಕೆಳಗೆ ಬಾಡಿ ಮೇಲೆ ಕೂತಿರುವ ಕಪ್ಪು ಡಬ್ಬಿಯೇ ಪಿಕಪ್. ಅದರೊಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸಾವಿರಾರು ಸುತ್ತು. ಪಂಪ್‌ಸೆಟ್ ಮೋಟರ್ ಸುಟ್ಟಾಗ ವೈಂಡಿಂಗ್ ಮಾಡಿಸುತ್ತೇವಲ್ಲ, ಅಂಥದೇ ಎನಾಮಲ್ ಲೇಪಿಸಿದ ತಾಮ್ರ, ಆದರೆ ಕೂದಲೆಳೆಯಷ್ಟು ಸಣ್ಣ. ಮೇಲಿನ ಉಕ್ಕಿನ ತಂತಿ ಅಲುಗಿದಾಗ ಅಯಸ್ಕಾಂತ ಕ್ಷೇತ್ರವೂ ಅಲುಗುತ್ತದೆ, ಸುತ್ತಿನಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ಆ ಸಣ್ಣ ವಿದ್ಯುತ್ತನ್ನ ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಒಂದು, ಈ ಪಿಕಪ್ ಉಕ್ಕು ಅಥವಾ ನಿಕ್ಕಲ್ ತಂತಿಗೆ ಮಾತ್ರ ಕೆಲಸ ಮಾಡುತ್ತದೆ, ನೈಲಾನ್ ತಂತಿಗೆ ಮಾಡೋದಿಲ್ಲ. ಎರಡು, ಒಳಗಿನ ತಂತಿ ಒಂದು ಕಡೆ ತುಂಡಾದರೂ ಪಿಕಪ್ ಸತ್ತ ಹಾಗೆಯೇ. ಹಂಗಂತ ಮೋಟರ್ ವೈಂಡಿಂಗ್ ಅಂಗಡಿಗೆ ಒಯ್ಯಬೇಡಿ. ಅಷ್ಟು ಸಣ್ಣ ತಂತಿ ಸುತ್ತೋದು ಬೇರೆಯೇ ಕೆಲಸ, ಅದಕ್ಕೆ ಬೇರೆಯೇ ಯಂತ್ರ.

ಮೀಟರ್ ಹಿಡಿದು ನೋಡೋದು ಹೀಗೆ

ಮೊದಲು ಗಿಟಾರ್ ‘ಪ್ಯಾಸಿವ್’ ಅಥವಾ ‘ಆಕ್ಟಿವ್’ ಅಂತ ಕೇಳಿ. ಹಿಂಬದಿಯಲ್ಲಿ 9 ವೋಲ್ಟ್ ಬ್ಯಾಟರಿ ಹಾಕುವ ಜಾಗ ಇದ್ದರೆ ಹೆಚ್ಚಾಗಿ ಆಕ್ಟಿವ್. ಕೆಳಗಿನ ಮೀಟರ್ ಪರೀಕ್ಷೆ ಪ್ಯಾಸಿವ್ ಗಿಟಾರಿಗೆ ಮಾತ್ರ. ಆಕ್ಟಿವ್‌ನಲ್ಲಿ ಮಧ್ಯೆ ಸರ್ಕ್ಯೂಟ್ ಬೋರ್ಡ್ ಇರೋದರಿಂದ ಹೊರಗಿನಿಂದ ಸರಿಯಾದ ರೀಡಿಂಗ್ ಸಿಗೋದಿಲ್ಲ.

ಗಿಟಾರಿಗೆ ಕೇಬಲ್ ಚುಚ್ಚಿ, ಇನ್ನೊಂದು ತುದಿಯನ್ನ ಆಂಪ್ಲಿಫೈಯರಿಗೆ ಹಾಕದೆ ಕೈಯಲ್ಲಿ ಹಿಡಿಯಿರಿ. ವಾಲ್ಯೂಮ್, ಟೋನ್ ಪೂರ್ತಿ ಏರಿಸಿ. ಎರಡು ವಾಲ್ಯೂಮ್ ಇದ್ದರೆ ಒಂದನ್ನ ಪೂರ್ತಿ ಏರಿಸಿ, ಇನ್ನೊಂದನ್ನ ಸೊನ್ನೆಗೆ ಇಳಿಸಿ. ಮೀಟರನ್ನ 20 ಕಿಲೊ ಓಮ್‌ಗೆ ತಿರುಗಿಸಿ. ಮೀಟರಿನ ಒಂದು ಕಡ್ಡಿಯನ್ನ ಪ್ಲಗ್ಗಿನ ತುದಿಗೆ, ಇನ್ನೊಂದನ್ನ ಪ್ಲಗ್ಗಿನ ಬುಡದ ಲೋಹಕ್ಕೆ ತಾಗಿಸಿ.

ಜಾಝ್ ಬೇಸ್ ಮಾದರಿಯ ಪಿಕಪ್ ಆದರೆ ಸಾಮಾನ್ಯವಾಗಿ 7, 8 ಕಿಲೊ ಓಮ್ ಸುತ್ತ ತೋರಿಸುತ್ತದೆ. ಪ್ರಿಸಿಷನ್ ಮಾದರಿ ಆದರೆ 10, 11ರ ಸುತ್ತ. ಕಂಪನಿ ಕಂಪನಿಗೆ ವ್ಯತ್ಯಾಸ ಇರುತ್ತದೆ. ಎರಡೂ ಪಿಕಪ್ ಒಟ್ಟಿಗೆ ಏರಿಸಿದರೆ ಜಾಝ್ ಮಾದರಿಯಲ್ಲಿ ರೀಡಿಂಗ್ ಅರ್ಧಕ್ಕೆ ಇಳಿಯುತ್ತದೆ, ಅದು ದೋಷ ಅಲ್ಲ. ನಿಮಗೆ ಮುಖ್ಯವಾದದ್ದು ಇಷ್ಟು: ರೀಡಿಂಗ್ ಬಂದು ನಿಂತರೆ ಪಿಕಪ್ ಜೀವಂತ. ಸೊನ್ನೆ ತೋರಿಸಿದರೆ ಎಲ್ಲೋ ಶಾರ್ಟ್. ಏನೂ ತೋರಿಸದೆ ‘1’ ಅಥವಾ ‘ಓಎಲ್’ ಅಂತ ನಿಂತರೆ, ಇಲ್ಲವೇ ನೂರು, ಇನ್ನೂರು ಕಿಲೊ ಓಮ್ ತೋರಿಸಿದರೆ, ಪಿಕಪ್ ಸಂಪರ್ಕ ಎಲ್ಲೋ ಕಡಿದಿದೆ. ಒಳಗಿನ ಬೆಸುಗೆ ಬಿಟ್ಟಿದ್ದರೆ ಸಣ್ಣ ಕೆಲಸ, ಪಿಕಪ್ಪೇ ಹೋಗಿದ್ದರೆ ದೊಡ್ಡ ಖರ್ಚು. ಯಾವುದು ಅಂತ ಬಿಚ್ಚಿ ನೋಡದೆ ಹೇಳೋಕಾಗೋದಿಲ್ಲ. ಅದಕ್ಕೆ ರೇಟ್ ಮಾತಾಡುವಾಗ ‘ಪಿಕಪ್ ಹೋಗಿದೆ’ ಅಂತಲೇ ಲೆಕ್ಕ ಹಾಕಿ.

ಇನ್ನೊಂದು ತಪ್ಪು ತಿಳಿವಳಿಕೆ: ರೀಡಿಂಗ್ ಹೆಚ್ಚಿದ್ದಷ್ಟೂ ಪಿಕಪ್ ಒಳ್ಳೆಯದು ಅಂತ ಕೆಲವರು ಮಾರ್ತಾರೆ. ಹಂಗೇನಿಲ್ಲ. ಮೀಟರ್ ಹೇಳೋದು ಬದುಕಿದೆಯೋ ಸತ್ತಿದೆಯೋ ಅಷ್ಟೇ, ನಾದ ಹೇಗಿದೆ ಅನ್ನೋದನ್ನ ಕಿವಿಯೇ ಹೇಳಬೇಕು.

ಮೀಟರ್ ಸಿಗಲಿಲ್ಲ ಅಂದ್ರೆ ಆಂಪ್ಲಿಫೈಯರಿಗೆ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಸಣ್ಣ ಸ್ಕ್ರೂ ಡ್ರೈವರ್‌ನಿಂದ ಪಿಕಪ್ ಮೇಲೆ ಮೆಲ್ಲಗೆ ತಟ್ಟಿ. ‘ಟಕ್’ ಅಂತ ಸ್ಪೀಕರಿನಲ್ಲಿ ಬಂದರೆ ಕೆಲಸ ಮಾಡ್ತಿದೆ. ಪ್ರತಿ ತಂತಿಯನ್ನೂ ಒಂದೇ ಬಲದಲ್ಲಿ ಮೀಟಿ. ಪ್ರಿಸಿಷನ್ ಮಾದರಿಯ ಪಿಕಪ್ ಎರಡು ತುಂಡಿನದು, ಒಂದೊಂದು ತುಂಡಿಗೆ ಎರಡೆರಡು ತಂತಿ. ಎರಡು ತಂತಿ ಜೋರಾಗಿ, ಇನ್ನೆರಡು ತೀರಾ ಸಣ್ಣಗೆ ಕೇಳಿದರೆ ಅರ್ಧ ಪಿಕಪ್ ಕೆಟ್ಟಿರಬಹುದು.

ಗುಂಯ್ ಅನ್ನೋ ಸದ್ದಿನ ಬಗ್ಗೆ ಒಂದು ಮಾತು. ಒಂದೇ ಸುರುಳಿಯ ಪಿಕಪ್‌ಗಳು ಟ್ಯೂಬ್‌ಲೈಟ್, ಟ್ರಾನ್ಸ್‌ಫಾರ್ಮರ್ ಹತ್ತಿರ ಗುಂಯ್‌ಗುಡುತ್ತವೆ. ಗಿಟಾರ್ ತಿರುಗಿಸಿದರೆ ಸದ್ದು ಕಡಿಮೆಯಾಗುತ್ತದೆ ಅಂದ್ರೆ ಅದು ಸಹಜ. ಎಲ್ಲಿ ತಿರುಗಿಸಿದರೂ ಒಂದೇ ಸಮನೆ ಗುಂಯ್ ಅಂದರೆ ಒಳಗೆ ಅರ್ಥ್ ತಂತಿ ಬಿಟ್ಟಿರಬಹುದು, ಅದು ಬೆಸುಗೆಯ ಕೆಲಸ.

ಯಾವುದು ಸಣ್ಣ ರಿಪೇರಿ, ಯಾವುದು ದೊಡ್ಡದು?

ನಮ್ಮೂರಲ್ಲೇ ಆಗುವ ಸಣ್ಣ ಕೆಲಸಗಳು: ಕೇಬಲ್ ಚುಚ್ಚುವ ಜಾಕ್ ಸಡಿಲ, ವಾಲ್ಯೂಮ್ ತಿರುಗಿಸಿದರೆ ಕರಕರ, ಬೆಸುಗೆ ಬಿಟ್ಟಿರೋದು, ಬ್ಯಾಟರಿ ಕನೆಕ್ಟರ್ ತುಕ್ಕು. ಟಿವಿ, ಆಂಪ್ಲಿಫೈಯರ್ ರಿಪೇರಿ ಮಾಡುವವರಿಗೆ ಇವೆಲ್ಲ ಗೊತ್ತಿರುವ ಕೆಲಸ. ಇಂಥ ದೋಷ ಕಂಡರೆ ಹೆದರಬೇಡಿ, ಅದನ್ನ ತೋರಿಸಿ ರೇಟ್ ಇಳಿಸಿ.

ಮಧ್ಯಮ ಖರ್ಚು: ತಂತಿ ಸೆಟ್, ಬಿರಡೆ, ನಟ್, ಫ್ರೆಟ್ ಸವೆತ. ಬೇಸ್ ತಂತಿ ಸಾಮಾನ್ಯ ಗಿಟಾರ್ ತಂತಿಗಿಂತ ದುಬಾರಿ, ಒಳ್ಳೆ ಕಂಪನಿ ಸೆಟ್ ಸಾವಿರ ರೂಪಾಯಿ ದಾಟುತ್ತದೆ. ಹಳೆ ಗಿಟಾರಿನ ತಂತಿ ತುಕ್ಕು ಹಿಡಿದಿದ್ದರೆ ಅದನ್ನ ಮೊದಲೇ ಬೆಲೆಯಲ್ಲಿ ಕಳೆಯಿರಿ.

ದೊಡ್ಡ ಖರ್ಚು, ಹೆಚ್ಚಾಗಿ ಬಿಡಬೇಕಾದದ್ದು: ತಿರುಚಿದ ನೆಕ್, ಮುರಿದು ಅಂಟಿಸಿದ ತಲೆ, ಸವೆದ ಟ್ರಸ್ ರಾಡ್, ಸತ್ತ ಪಿಕಪ್, ಆಕ್ಟಿವ್ ಗಿಟಾರಿನ ಸುಟ್ಟ ಬೋರ್ಡ್. ಬಾಡಿ ಮೇಲಿನ ಗೀರು, ಬಣ್ಣ ಹೋಗಿರೋದು, ಸ್ಟಿಕರ್ ಗುರುತು ಇವು ನಾದಕ್ಕೆ ಸಂಬಂಧ ಇಲ್ಲ. ನೋಡಲು ಚೆಂದ ಇಲ್ಲದ, ನೆಕ್ ನೆಟ್ಟಗಿರುವ ಗಿಟಾರ್ ಸಿಕ್ಕರೆ ಅದೇ ಲಾಭದ ಮಾಲು.

ಬಿಡಿ ಪಿಕಪ್ ಕೊಳ್ಳುವವರಿಗೆ

ಪಿಕಪ್ ಮಾತ್ರ ಬಿಚ್ಚಿ ಮಾರುವ ವ್ಯಾಪಾರವೂ ಇದೆ. ಒಳ್ಳೆ ಗಿಟಾರಿನ ಮೂಲ ಪಿಕಪ್ ತೆಗೆದು, ಅಗ್ಗದ್ದು ಹಾಕಿ, ಎರಡನ್ನೂ ಬೇರೆ ಬೇರೆ ಮಾರುವವರಿದ್ದಾರೆ. ಗಿಟಾರ್ ಕೊಳ್ಳುವಾಗ ಪಿಕಪ್ಪಿನ ಸ್ಕ್ರೂ ತಲೆ ಗೀಚಿದೆಯಾ, ಹೊಸ ಬೆಸುಗೆ ಇದೆಯಾ ಅಂತ ನೋಡಿದರೆ ಇದು ಗೊತ್ತಾಗುತ್ತದೆ. ಬದಲಿಸಿದ್ದು ತಪ್ಪಲ್ಲ, ಮುಚ್ಚಿಟ್ಟು ಮಾರೋದು ತಪ್ಪು.

ಬಿಡಿ ಪಿಕಪ್ ತಗೊಳ್ಳೋ ಮುಂಚೆ ನಿಮ್ಮ ಗಿಟಾರಿನ ಅಳತೆ ಮಿಲಿಮೀಟರಿನಲ್ಲಿ ತೆಗೆದುಕೊಳ್ಳಿ. ಜಾಝ್ ಬೇಸ್‌ನ ಎರಡು ಪಿಕಪ್ ಒಂದೇ ಉದ್ದ ಇರೋದಿಲ್ಲ, ಬ್ರಿಡ್ಜ್ ಕಡೆಯದು ಸುಮಾರು 3 ಮಿಲಿಮೀಟರ್ ಉದ್ದ. ತಪ್ಪು ತಂದರೆ ಮರ ಕೊರೆಯಬೇಕಾಗುತ್ತದೆ. ಸೋಪಿನ ಆಕಾರದ ‘ಸೋಪ್‌ಬಾರ್’ ಪಿಕಪ್‌ಗಳಲ್ಲಿ ಹಲವು ಅಳತೆ ಇವೆ. ನಾಲ್ಕು ತಂತಿಯದ್ದೋ ಐದು ತಂತಿಯದ್ದೋ ಕೇಳಿ. ಹೊರಗೆ ಬಂದಿರುವ ವೈರ್ ಕನಿಷ್ಠ ಒಂದು ಗೇಣು ಇರಲಿ, ಬುಡದಲ್ಲೇ ಕತ್ತರಿಸಿದ್ದರೆ ಬೆಸುಗೆ ಹಾಕೋದು ಕಷ್ಟ. ಮಾರುವವರು ಮೀಟರ್ ರೀಡಿಂಗ್ ಜೊತೆ ಫೋಟೊ ಕಳಿಸಲಿ. ಫೆಂಡರ್, ಡಿಮಾರ್ಜಿಯೊ, ಸೆಮೋರ್ ಡಂಕನ್, ಇಎಂಜಿ ಅಂತ ಅಚ್ಚು ಇದ್ದ ಮಾತ್ರಕ್ಕೆ ಅಸಲಿ ಅಂತ ನಂಬಬೇಡಿ, ಹೆಸರು ಅಚ್ಚು ಹಾಕೋದು ಕಷ್ಟದ ಕೆಲಸ ಅಲ್ಲ.

ಭಜನಾ ಮಂಡಳಿಯವರು ಏಕತಾರಿ, ಹಾರ್ಮೋನಿಯಂಗೆ ಇದನ್ನ ಹಾಕಬಹುದಾ ಅಂತ ಕೇಳೋದುಂಟು. ಅದಕ್ಕೆ ಬೇಸ್ ಪಿಕಪ್ ಬೇಡ. ಮೈಗೆ ಅಂಟಿಸುವ ‘ಪಿಯೆಜೊ’ ಪಿಕಪ್ ಇದೆ. ಅದು ಮರದ ಕಂಪನವನ್ನೇ ಹಿಡಿಯೋದರಿಂದ ತಂತಿ ಯಾವುದಾದರೂ ನಡೆಯುತ್ತದೆ, ಬೆಲೆಯೂ ಬಹಳ ಕಡಿಮೆ.

ರೇಟ್ ಹೆಂಗ ಹಾಕೋದು?

ಬರೀ ‘ಐದು ವರ್ಷ ಹಳೇದು’ ಅಂತ ರೇಟ್ ಕಟ್ಟಬೇಡಿ. ಅದೇ ಮಾಡೆಲ್ ಹೊಸದಕ್ಕೆ ಇವತ್ತು ಎಷ್ಟಿದೆ ಅಂತ ಮೊದಲು ನೋಡಿ. ಒಳ್ಳೆ ಸ್ಥಿತಿಯಲ್ಲಿರುವ ಹಳೆಯದಕ್ಕೆ ಹೊಸದರ ಅರ್ಧದಿಂದ ಮೂರನೇ ಎರಡು ಭಾಗದೊಳಗೆ ಮಾತು ಮುಗಿಯೋದು ವಾಡಿಕೆ. ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ.

ಉದಾಹರಣೆಗೆ, ಹೊಸದು 20,000 ರೂಪಾಯಿ ಅಂದುಕೊಳ್ಳಿ. ಹಳೆಯದು 12,000ಕ್ಕೆ ಒಪ್ಪಬಹುದು. ತಂತಿ ಬದಲಿಸಬೇಕು 1,500, ವಾಲ್ಯೂಮ್ ಮತ್ತು ಜಾಕ್ ಕೆಲಸ 500, ಹೋಗಿಬರುವ ಖರ್ಚು 1,000 ಅಂದ್ರೆ, ನಿಮ್ಮ ಬಾಯಿಂದ ಬರಬೇಕಾದ ರೇಟ್ 9,000. ‘ಅಣ್ಣಾ, ಬಣ್ಣ ನೋಡ್ರಿ ಹೊಸದರ ಹಂಗ ಅದ’ ಅಂದ್ರೆ, ‘ತಂತಿ ನೋಡ್ರಿ, ತುಕ್ಕು ಹಿಡದದ’ ಅಂತ ತೋರಿಸಿ. ಗಟ್ಟಿ ಕವರ್, ಕೇಬಲ್, ಮೂಲ ಬಿಲ್ ಜೊತೆಗೆ ಕೊಟ್ಟರೆ ಸ್ವಲ್ಪ ಹೆಚ್ಚು ಕೊಡೋದರಲ್ಲಿ ತಪ್ಪಿಲ್ಲ.

ದೊಡ್ಡ ಹೆಸರಿನ ಗಿಟಾರ್ ತೀರಾ ಅಗ್ಗಕ್ಕೆ ಬಂದರೆ ಎಚ್ಚರ. ಫೆಂಡರ್ ಹೆಸರಿನ ಸ್ಟಿಕರ್ ಯಾವ ಗಿಟಾರಿಗಾದರೂ ಅಂಟಿಸಬಹುದು. ಸೀರಿಯಲ್ ನಂಬರ್ ಕೇಳಿ, ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ‘ಸ್ಕ್ವಾಯರ್’ ಅನ್ನೋದು ಫೆಂಡರ್‌ನ ಕಡಿಮೆ ಬೆಲೆಯ ಬ್ರ್ಯಾಂಡ್, ಅದು ನಕಲಿ ಅಲ್ಲ. ಆದರೆ ಸ್ಕ್ವಾಯರ್ ತೋರಿಸಿ ಫೆಂಡರ್ ರೇಟ್ ಕೇಳಿದರೆ ಒಪ್ಪಬೇಡಿ.

ರೊಕ್ಕ ಕೊಡುವಾಗ

ಫೋಟೊ ನೋಡಿ ಅಡ್ವಾನ್ಸ್ ಹಾಕಬ್ಯಾಡ್ರಿ. ಹೆಚ್ಚಿನ ಮೋಸ ನಡೆಯೋದು ಇಲ್ಲೇ. ‘ಇನ್ನಿಬ್ಬರು ಕೇಳ್ಯಾರ, ಎರಡು ಸಾವಿರ ಹಾಕಿದ್ರ ನಿಮಗೇ ಇಡ್ತೀನಿ’ ಅಂದ್ರೆ, ‘ಇನ್ನಿಬ್ಬರಿಗೇ ಕೊಡ್ರಿ’ ಅನ್ನಿ. ದೂರದ ಊರಾದರೆ ವಿಡಿಯೊ ಕಾಲ್ ಮಾಡಿ. ನೆಕ್ ಉದ್ದಕ್ಕೂ ತೋರಿಸಲಿ, ಪ್ರತಿ ತಂತಿ ಮೀಟಲಿ, ಒಂದು ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು ಗಿಟಾರ್ ಪಕ್ಕ ಇಡಲಿ. ವಸ್ತು ಕೈಯಲ್ಲಿ ಇಲ್ಲದವರು ಇಲ್ಲೇ ಸಿಕ್ಕಿಬೀಳ್ತಾರೆ.

ಮಾರುವವರಿಗೂ ಮೋಸ ಆಗುತ್ತದೆ. ‘ನಾನು ಮಿಲಿಟರಿಯವನು, ನಾಳೆ ಲಾರಿ ಕಳಿಸ್ತೀನಿ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದುಡ್ಡು ಬರ್ತದೆ’ ಅನ್ನೋ ಕರೆ ಎಷ್ಟೋ ಜನರಿಗೆ ಬಂದಿದೆ. ನೆನಪಿರಲಿ: ಯುಪಿಐಯಲ್ಲಿ ರೊಕ್ಕ ಬರೋದಕ್ಕೆ ಪಿನ್ ಹಾಕಬೇಕಿಲ್ಲ. ಪಿನ್ ಕೇಳಿದರೆ ರೊಕ್ಕ ನಿಮ್ಮ ಖಾತೆಯಿಂದ ಹೋಗುತ್ತಿದೆ ಅಂತಲೇ ಅರ್ಥ. ‘ಪೇಮೆಂಟ್ ಆಯ್ತು’ ಅನ್ನೋ ಸ್ಕ್ರೀನ್‌ಶಾಟ್ ನಂಬಿ ವಸ್ತು ಕೊಡಬೇಡಿ, ನಿಮ್ಮ ಬ್ಯಾಂಕ್ ಖಾತೆ ನೋಡಿಯೇ ಕೊಡಿ.

ರೊಕ್ಕ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಯಾದಗಿರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಯಲ್ಲೂ ದೂರು ಕೊಡಬಹುದು. ‘ನಾಲ್ಕು ಸಾವಿರಕ್ಕೆ ಯಾಕ ದೂರು’ ಅಂತ ಸುಮ್ಮನಾಗಬೇಡಿ.

ಅಂಗಡಿಯವರು ಗಮನಿಸಬೇಕಾದ್ದು

ಮ್ಯೂಸಿಕ್ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿ, ಸೌಂಡ್ ಸರ್ವಿಸ್‌ನವರು ಹಳೆ ವಾದ್ಯ ತೆಗೆದುಕೊಂಡು ಮಾರಿದರೆ ಒಳ್ಳೆ ವ್ಯಾಪಾರವೇ. ಆದರೆ ಕದ್ದ ಮಾಲು ಕೈಗೆ ಬಂದರೆ ತೊಂದರೆ. ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣ ಇದ್ದೂ ದುರುದ್ದೇಶದಿಂದ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 317ರ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ ಆಗಬಹುದು. ಅದಕ್ಕೆ ಒಂದು ರಿಜಿಸ್ಟರ್ ಇಡಿ: ತಾರೀಕು, ಮಾಡೆಲ್, ಸೀರಿಯಲ್ ನಂಬರ್, ಕೊಟ್ಟವರ ಹೆಸರು, ಗುರುತಿನ ಚೀಟಿ ಪ್ರತಿ, ಸಹಿ, ಗಿಟಾರಿನ ಎರಡು ಫೋಟೊ. ಪೊಲೀಸರು ಕೇಳಿದರೆ ನಿಮ್ಮನ್ನ ಕಾಯೋದು ಈ ಪುಸ್ತಕವೇ.

ಜಿಎಸ್‌ಟಿ ವಿಷಯ. ಮನೆಯಲ್ಲಿದ್ದ ಸ್ವಂತ ಗಿಟಾರ್ ಮಾರುವವರಿಗೆ ಇದರ ಚಿಂತೆ ಇಲ್ಲ. ಹಳೆ ವಸ್ತು ಮಾರುವುದನ್ನೇ ವ್ಯಾಪಾರ ಮಾಡಿಕೊಂಡ, ನೋಂದಣಿ ಇರುವ ಅಂಗಡಿಯವರಿಗೆ ಜಿಎಸ್‌ಟಿ ನಿಯಮ 32(5) ಒಂದು ಅನುಕೂಲ ಕೊಟ್ಟಿದೆ: ಕೊಂಡಾಗ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡಿರದಿದ್ದರೆ, ತೆರಿಗೆ ಲಾಭದ ಮೇಲೆ ಮಾತ್ರ. 8,000ಕ್ಕೆ ಕೊಂಡು 10,000ಕ್ಕೆ ಮಾರಿದರೆ 2,000ದ ಮೇಲೆ ತೆರಿಗೆ, ಪೂರ್ತಿ 10,000ದ ಮೇಲೆ ಅಲ್ಲ. ವಸ್ತುವಿನ ಸ್ವರೂಪ ಬದಲಾಗದಷ್ಟು ಸಣ್ಣ ರಿಪೇರಿ ಮಾಡಿ ಮಾರಿದರೂ ಇದು ನಡೆಯುತ್ತದೆ. ನಿಮ್ಮ ಲೆಕ್ಕ ನೋಡುವವರ ಹತ್ತಿರ ಒಮ್ಮೆ ಮಾತಾಡಿ.

ವೈಯಕ್ತಿಕವಾಗಿ ಮಾರುವವರೂ ಒಂದು ಹಾಳೆಯಲ್ಲಿ ಮಾಡೆಲ್, ಸೀರಿಯಲ್ ನಂಬರ್, ಗೊತ್ತಿರುವ ದೋಷ, ಬೆಲೆ, ತಾರೀಕು ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ನಾಳೆ ‘ನೀವು ಹೇಳಿರಲಿಲ್ಲ’ ಅನ್ನೋ ಜಗಳ ಇರೋದಿಲ್ಲ. ದೋಷ ಮೊದಲೇ ಹೇಳಿ ಮಾರಿದವರಿಗೆ ಗಿರಾಕಿ ಇನ್ನೊಬ್ಬ ಗಿರಾಕಿಯನ್ನ ಕರೆತರುತ್ತಾನೆ.

ಮನೆಗೆ ತಂದ ಮೇಲೆ

ಶಹಾಪುರ, ಸುರಪುರಕ್ಕೆ ರೈಲಿಲ್ಲ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು ಬಸ್ ಹಿಡಿಯಬೇಕು. ಬಸ್ಸಿನ ಟಾಪ್ ಮೇಲೆ, ಡಿಕ್ಕಿಯಲ್ಲಿ ಗಿಟಾರ್ ಹಾಕಬೇಡಿ. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ನಿಂತ ಗಾಡಿಯೊಳಗೆ ಇನ್ನೂ ಹೆಚ್ಚು. ನೆಕ್ ಬಗ್ಗೋಕೆ, ಅಂಟು ಬಿಡೋಕೆ ಅಷ್ಟು ಸಾಕು. ತಂತಿ ಸ್ವಲ್ಪ ಸಡಿಲಿಸಿ, ಕವರಿನಲ್ಲಿ ಹಾಕಿ, ಜೊತೆಗೇ ಇಟ್ಟುಕೊಳ್ಳಿ.

ಬೆಂಗಳೂರಿನ ಹವೆಯಲ್ಲಿದ್ದ ಮರ ನಮ್ಮ ಒಣ ಹವೆಗೆ ಬಂದ ಮೇಲೆ ಸ್ವಲ್ಪ ಬದಲಾಗುತ್ತದೆ. ತಂದ ದಿನವೇ ಟ್ರಸ್ ರಾಡ್ ತಿರುಗಿಸದೆ ಎರಡು ಮೂರು ದಿನ ಶ್ರುತಿಯಲ್ಲಿ ಬಿಡಿ. ಆಮೇಲೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಆಕ್ಟಿವ್ ಗಿಟಾರ್ ಆದರೆ ನುಡಿಸಿ ಮುಗಿದ ಮೇಲೆ ಕೇಬಲ್ ಕಿತ್ತಿಡಿ, ಚುಚ್ಚಿಟ್ಟರೆ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಕೊನೆಯದು, ಜೀವದ ಮಾತು. ಸಾಮಾನ್ಯವಾಗಿ ಗಿಟಾರಿನ ತಂತಿಗಳು ಒಳಗಿನ ಅರ್ಥ್‌ಗೆ ಸೇರಿರುತ್ತವೆ, ಕೇಬಲ್ ಮೂಲಕ ಆಂಪ್ಲಿಫೈಯರಿಗೂ ಸೇರುತ್ತವೆ. ಜಾತ್ರೆ, ಪೆಂಡಾಲ್‌ಗಳಲ್ಲಿ ಅರ್ಥಿಂಗ್ ಸರಿಯಿಲ್ಲದೆ, ಆಂಪ್ಲಿಫೈಯರಿನ ಮೂರನೇ ಪಿನ್ ಮುರಿದಿದ್ದರೆ, ಕೈ ತಂತಿ ಮೇಲಿದ್ದು ತುಟಿ ಮೈಕಿಗೆ ತಾಗಿದಾಗ ಶಾಕ್ ಹೊಡೆಯಬಹುದು. ಸ್ಟೇಜ್ ಏರುವ ಮುಂಚೆ ಸೌಂಡ್‌ನವರಿಗೆ ‘ಅರ್ಥಿಂಗ್ ಅದ ಏನು?’ ಅಂತ ಕೇಳೋದು ಮರೆಯಬೇಡಿ.

ನೋಡಲು ಹೋಗುವಾಗ ಜೊತೆಗಿರಲಿ

* ಕೆಲಸ ಮಾಡುವ ನಿಮ್ಮದೇ ಕೇಬಲ್
* ಮಲ್ಟಿಮೀಟರ್, ಸಣ್ಣ ಸ್ಕ್ರೂ ಡ್ರೈವರ್
* ಹೊಸ 9 ವೋಲ್ಟ್ ಬ್ಯಾಟರಿ (ಆಕ್ಟಿವ್ ಗಿಟಾರ್ ಆದರೆ)
* ಒಂದು ವಿಸಿಟಿಂಗ್ ಕಾರ್ಡ್, ಅಳತೆ ಟೇಪ್
* ಮೊಬೈಲಿನಲ್ಲಿ ಟ್ಯೂನರ್ ಆ್ಯಪ್. 12ನೇ ಫ್ರೆಟ್ ಒತ್ತಿ ಮೀಟಿದಾಗಲೂ ತೆರೆದ ತಂತಿಯದೇ ಸ್ವರ ಬರಬೇಕು, ಒಂದು ಸ್ಥಾಯಿ ಮೇಲೆ. ಸ್ವಲ್ಪ ವ್ಯತ್ಯಾಸ ಇದ್ದರೆ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿಮಾಡಬಹುದು
* ನುಡಿಸಲು ಬರುವ ಒಬ್ಬ ಗೆಳೆಯ
* ಹೊಸದರ ಇವತ್ತಿನ ರೇಟ್ ಬರೆದ ಚೀಟಿ

ನೋಡಿ ಬಂದ ಮೇಲೆ ಒಂದು ರಾತ್ರಿ ಬಿಟ್ಟು ತೀರ್ಮಾನ ಮಾಡಿದರೂ ನಡೆಯುತ್ತದೆ. ಅಷ್ಟರೊಳಗೆ ಬೇರೆಯವರು ತಗೊಂಡರೆ ತಗೊಳ್ಳಲಿ, ಇನ್ನೊಂದು ಸಿಗುತ್ತದೆ.